ಕೂಡಿಟ್ಟ ಕಂಠ, ಕೊಟ್ಟ ಕಂಠ

ವೈಜ್ಞಾನಿಕ ಕಾದಂಬರಿಗಳನ್ನು ಓದುವ ಹವ್ಯಾಸ ನಿಮಗಿದ್ದರೆ ಫ್ರೆಂಚ್ ಲೇಖಕ ಜೂಲ್ಸ್ ವರ್ನನ ಪರಿಚಯ ಇದ್ದೇ ಇರುತ್ತದೆ. ಓದುಗರನ್ನು ಸಮುದ್ರದ ತಳಕ್ಕೂ ಚಂದ್ರಲೋಕಕ್ಕೂ ಕರೆದೊಯ್ದ ಈತ 1892ರಲ್ಲಿ ಕಾರ್ಪೇಥಿಯನ್ ಬೆಟ್ಟಗಳ ಒಂದು ಕೋಟೆಯ ಕಥೆಯನ್ನು ಬರೆದ. ಅದರಲ್ಲಿ ಶ್ರೀಮಂತನೊಬ್ಬ ಲಾ ಸ್ಟಿಲ್ಲಾ ಎಂಬ ಗಾಯಕಿಯ ಕಂಠಕ್ಕೆ ಮರುಳಾಗುತ್ತಾನೆ. ಆಕೆ ರಂಗದ ಮೇಲೆಯೇ ಪ್ರಾಣ ಬಿಟ್ಟ ನಂತರ, ಮೊದಲೇ ಯಂತ್ರದಲ್ಲಿ ಹಿಡಿದಿಟ್ಟಿದ್ದ ಅವಳ ಹಾಡನ್ನು ಪಾಳುಕೋಟೆಯಲ್ಲಿ ಕುಳಿತು ತಾನೊಬ್ಬನೇ ಕೇಳುತ್ತಾನೆ. ಕೊನೆಗೆ ಒಂದು ಗುಂಡೇಟಿಗೆ ಆ ಪೆಟ್ಟಿಗೆ ಒಡೆಯುತ್ತದೆ. ಹಾಡೂ ಅಲ್ಲಿಗೇ ಮುಗಿಯುತ್ತದೆ.

ಕಂಠವನ್ನು ಯಂತ್ರದಲ್ಲಿ ಹಿಡಿಯುವ ಆ ಕಲ್ಪನೆ ನಮ್ಮ ದೇಶದಲ್ಲಿ ನಿಜವಾಗಲು ಹತ್ತು ವರ್ಷವೇ ಸಾಕಾಯಿತು. ಆದರೆ ನಮ್ಮ ಗಾಯಕಿಯರ ಚರಿತ್ರೆ ಆ ಕಥೆಗೆ ತೀರ ವಿರುದ್ಧವಾದ ದಾರಿ ಹಿಡಿಯಿತು. ಅವರ ಕಂಠವನ್ನು ಯಾವ ಶ್ರೀಮಂತನೂ ಕೋಟೆಯಲ್ಲಿ ಬೀಗ ಹಾಕಿ ಇಡಲಾಗಲಿಲ್ಲ. ಅದರಿಂದ ಬಂದ ಹಣವೂ ಅವರ ಮನೆಯಲ್ಲೇ ಉಳಿಯಲಿಲ್ಲ.

1902ರ ನವೆಂಬರ್ ತಿಂಗಳಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದಿದ್ದ. ಮೈಕು ಇಲ್ಲದ ಕಾಲವದು. ಹಾಡುವವರು ದೊಡ್ಡ ಕಹಳೆಯಂತಹ ಕೊಳವೆಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಕಂಪನದಿಂದಲೇ ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕು. ಅನೇಕ ಉಸ್ತಾದರು ಹಿಂಜರಿದ ಈ ಕೆಲಸಕ್ಕೆ ಮುಂದೆ ಬಂದವಳು ಗೌಹರ್ ಜಾನ್. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಅದು ಬಿಂಕಕ್ಕಲ್ಲ, ಪ್ಲೇಟುಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಾಗಿತ್ತು.

ಇದೇ ಗೌಹರ್ ಜಾನಳ ಸಹಾಯಾರ್ಥ ಕಛೇರಿಯೊಂದರ ಕಥೆ ಪ್ರಸಿದ್ಧವಾಗಿದೆ. 1920ರ ಸುಮಾರಿಗೆ ಗಾಂಧೀಜಿ ಸ್ವರಾಜ್ಯ ನಿಧಿಗಾಗಿ ಆಕೆಯ ನೆರವು ಕೇಳಿದರಂತೆ. ಕಛೇರಿಗೆ ತಾವೇ ಬಂದು ಕುಳಿತು ಕೇಳಬೇಕೆಂಬುದು ಆಕೆ ಹಾಕಿದ ಷರತ್ತು. ಹಾಡು ಸುಗಮವಾಗಿ ನಡೆಯಿತು, 24,000 ರೂಪಾಯಿ ಸೇರಿತು. ಆದರೆ ಗಾಂಧೀಜಿಗೆ ಬರಲಾಗಲಿಲ್ಲ. ಹಣ ತರಲು ಮೌಲಾನಾ ಶೌಕತ್ ಅಲಿಯವರು ಹೋದಾಗ ಗೌಹರ್ 12,000 ಎಣಿಸಿ ಕೊಟ್ಟು, ಮಾತು ಅರ್ಧ ನಡೆದಿದೆ, ಹಣವೂ ಅರ್ಧವೇ ಎಂಬ ಅರ್ಥದಲ್ಲಿ ಉತ್ತರಿಸಿದಳೆಂದು ಹೇಳುತ್ತಾರೆ. ಇದನ್ನು ಹಟವೆಂದು ನಗಬೇಡಿ. ಸಭ್ಯ ಸಮಾಜವು ಅಂತಹ ಹೆಂಗಸರ ಹಾಡನ್ನು ಬಯಸುತ್ತಿತ್ತು, ಹಣವನ್ನೂ ಬಯಸುತ್ತಿತ್ತು; ಪಕ್ಕದಲ್ಲಿ ಕುಳಿತುಕೊಳ್ಳಲು ಮಾತ್ರ ಹಿಂಜರಿಯುತ್ತಿತ್ತು. ಆಕೆ ಬೆಲೆಯಾಗಿ ಕೇಳಿದುದು ಮರ್ಯಾದೆಯನ್ನು.

ಗೌಹರಳ ಕೊನೆಯ ದಿನಗಳು ನಮ್ಮ ನಾಡಿನಲ್ಲೇ ಕಳೆದವು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಾಸಿಕ 500 ರೂಪಾಯಿ ಸಂಬಳದ ಮೇಲೆ ಆಕೆಯನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಮೈಸೂರಿನಲ್ಲೇ ಆಕೆ ತೀರಿಕೊಂಡಳು.

ಮೈಸೂರಿಗೆ ಸಮೀಪದ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮನವರು. ಇವರ ದಾನ ಇನ್ನೂ ದೊಡ್ಡದು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವುದನ್ನು ತಿಳಿದು, ಹಾಡಿ ಗಳಿಸಿದ ಹಣವನ್ನೂ ಒಡವೆಗಳನ್ನೂ ಸುರಿದು ಅಲ್ಲಿ ಗುಡಿ ಕಟ್ಟಿಸಿದರು; 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೆ ಆರಾಧನೆ ನಡೆಸುತ್ತಿದ್ದ ಗಂಡಸರ ಬಣಗಳು ಹೆಂಗಸರಿಗೆ ಹಾಡುವ ಅವಕಾಶ ಕೊಡುತ್ತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಗುಡಿಯ ಮುಂದೆ ಹಾಡಲು ತಡೆ! ನಾಗರತ್ನಮ್ಮನವರು ಸೋಲಲಿಲ್ಲ. 1927ರಿಂದ ಹೆಂಗಸರದೇ ಆರಾಧನೆಯನ್ನು ನಡೆಸಿದರು. 1940ರ ಸುಮಾರಿಗೆ ಬಣಗಳು ಒಂದಾದವು, ಹೆಂಗಸರ ಗಾಯನಕ್ಕೂ ಅಲ್ಲಿ ಸ್ಥಾನ ದೊರೆಯಿತು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ತ್ಯಾಗರಾಜರ ಸನ್ನಿಧಿಯ ಬಳಿಯೇ ಇದೆ.

ಇನ್ನು ವರ್ನನ ಕಲ್ಪನೆಯನ್ನೂ ಮೀರಿದ ಸಂಗತಿಗೆ ಬರೋಣ. ಗೋವೆಯ ಕೇರಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಧ್ವನಿಮುದ್ರಣಕ್ಕೆ ಸುಲಭವಾಗಿ ಒಪ್ಪುವವರಲ್ಲ. ಅವರು ಬಿಟ್ಟುಹೋದ ಪ್ಲೇಟುಗಳು ಕೆಲವೇ. 1977ರಲ್ಲಿ ಅಮೆರಿಕದ ವಿಜ್ಞಾನಿಗಳು ವಾಯೇಜರ್ ನೌಕೆಗಳಲ್ಲಿ ಭೂಮಿಯ ಸಂಗೀತವನ್ನು ಕಳಿಸಲು ಚಿನ್ನದ ಲೇಪದ ತಾಮ್ರದ ತಟ್ಟೆಯನ್ನು ಸಿದ್ಧಪಡಿಸಿದಾಗ, 27 ಸಂಗೀತ ಭಾಗಗಳಲ್ಲಿ ಒಂದಾಗಿ ಅವರ ಭೈರವಿಯನ್ನು ಆರಿಸಿಕೊಂಡರು. ತಟ್ಟೆಯನ್ನು ನುಡಿಸುವುದು ಗ್ರಾಮಫೋನಿನ ಹಾಗೆ ಮುಳ್ಳಿನಿಂದಲೇ. ವಾಯೇಜರ್ 1 ಹೊರಟದ್ದು ಸೆಪ್ಟೆಂಬರ್ 5ರಂದು; ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು. 2012ರಲ್ಲಿ ಆ ನೌಕೆ ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನು ದಾಟಿ ತಾರೆಗಳ ನಡುವಣ ಬಯಲನ್ನು ಸೇರಿತು.

ಅಷ್ಟು ದೂರ ಹೋದ ದೃಷ್ಟಿಯನ್ನು ಈಗ ನಮ್ಮ ಹತ್ತಿರಕ್ಕೆ ತರೋಣ. ಬಿ.ಜಿ. ಕೆರೆಯನ್ನೊಳಗೊಂಡ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಕಾಡುಗೊಲ್ಲರು ಜುಂಜಪ್ಪನನ್ನೂ ಮ್ಯಾಸನಾಯಕರು ಗಾದ್ರಿ ಪಾಲನಾಯಕನನ್ನೂ ಹಾಡುತ್ತ ಬಂದಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ ಕುಳಿತು ಕೇಳಿದ್ದರಿಂದ ಆ ಸಂಪತ್ತಿನಲ್ಲಿ ಒಂದು ಪಾಲು ಪುಸ್ತಕವಾಗಿ ಉಳಿಯಿತು. ಹಾಗೆ ಯಾರೂ ಹೋಗಿ ಕೇಳದ ಅಜ್ಜಿಯರ ಹಾಡು, ವರ್ನನ ಕಥೆಯ ಪೆಟ್ಟಿಗೆಯಂತೆ, ಅವರೊಡನೆಯೇ ಮುಗಿದುಹೋಗುತ್ತದೆ.

ಆದುದರಿಂದ, ವಿಜ್ಞಾನದ ಕಥೆಗಳನ್ನು ಮೆಚ್ಚುವ ವಾಚಕರೆ, ನಿಮ್ಮ ಊರಿನಲ್ಲಿ ಒಂದು ಸಹಾಯಾರ್ಥ ಕಛೇರಿಯನ್ನು ಏರ್ಪಡಿಸಿರಿ. ಸುತ್ತಲಿನ ಹಟ್ಟಿಗಳ ಹಾಡುಗಾರ್ತಿಯರನ್ನು ಕರೆಸಿ, ಅವರ ಒಪ್ಪಿಗೆ ಪಡೆದು, ಹಾಡನ್ನು ಮುದ್ರಿಸಿಕೊಳ್ಳಿರಿ. ಬಂದ ಹಣದಲ್ಲಿ ಅವರ ಪಾಲನ್ನು ಮೊದಲು ಎತ್ತಿಡಿರಿ. ಮುಖ್ಯವಾಗಿ, ಕರೆದವರು ಕಡೆಯವರೆಗೂ ಎದುರಿಗೆ ಕುಳಿತು ಕೇಳಿರಿ; ಗೌಹರ್ ಜಾನ್ ಹಾಕಿದ ಷರತ್ತು ಇನ್ನೂ ಪೂರ್ತಿ ಸಂದಿಲ್ಲ.