ಜಾವಾ ಸಕ್ಕರೆಯೂ ಮಂಡ್ಯದ ಕಬ್ಬೂ

ಪರದೇಶ ವ್ಯಾಪಾರದಿಂದ ಬಡದೇಶಗಳು ಉದ್ಧಾರವಾಗುವುವೆಂದು ಒಂದು ಪಕ್ಷ. ಅದರಿಂದಲೇ ಅವು ಹಾಳಾಗುವುವೆಂದು ಇನ್ನೊಂದು ಪಕ್ಷ. ಈ ವಾದವನ್ನು ನಮ್ಮ ಮಂಡ್ಯ ಸೀಮೆಯಲ್ಲಿಯೇ ಪರೀಕ್ಷಿಸಿ ನೋಡೋಣ.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಕಡೆಯ ರೈತನು 1920ರ ದಶಕದಲ್ಲಿ ಜಾವಾ ದ್ವೀಪದ ಹೆಸರನ್ನೇ ಕೇಳದೆ ಇದ್ದಿರಬಹುದು. ಆದರೂ ಆ ದ್ವೀಪವು ಅವನ ಪ್ರತಿಸ್ಪರ್ಧಿಯಾಗಿದ್ದಿತು. ಅಲ್ಲಿಯ ಡಚ್ಚರ ಕಾರ್ಖಾನೆಗಳ ಬಿಳಿಯ ಸಕ್ಕರೆ ಹಡಗು ಹಡಗಾಗಿ ಇಂಡಿಯಾದ ಬಂದರುಗಳಲ್ಲಿ ಬಂದಿಳಿಯುತ್ತಿದ್ದಿತು. ಕೊಳ್ಳುವವನಿಗೆ ಅದು ಅಗ್ಗ. ಇಲ್ಲಿ ಕಾರ್ಖಾನೆ ಕಟ್ಟಬೇಕೆನ್ನುವವನಿಗೆ ಅದೇ ಅಡ್ಡಗೋಡೆ. ಜಾವಾದ ಬಲವು ಕೂಲಿಯ ಅಗ್ಗದಲ್ಲಿ ಮಾತ್ರವೇ ಇರಲಿಲ್ಲ, ಶಾಸ್ತ್ರಜ್ಞಾನದಲ್ಲಿಯೂ ಇದ್ದಿತು. 1921ರಲ್ಲಿ ಅಲ್ಲಿ ಸಿದ್ಧವಾದ ಪಿ.ಒ.ಜೆ. 2878 ಎಂಬ ಕಬ್ಬಿನ ತಳಿ ಇಳುವರಿಯನ್ನು ಬಹಳವಾಗಿ ಹೆಚ್ಚಿಸಿತು.

ಮೈಸೂರು ಸಂಸ್ಥಾನಕ್ಕೆ ಸ್ವಂತ ಬಂದರಿರಲಿಲ್ಲ. ಆಮದು ಸುಂಕವು ದೆಹಲಿಯಲ್ಲಿ ನಿಶ್ಚಯವಾಗುತ್ತಿದ್ದಿತು. 1932ರಲ್ಲಿ ಸಕ್ಕರೆ ಉದ್ಯಮ ರಕ್ಷಣಾ ಶಾಸನವು ಬಂದು, ಪರದೇಶದ ಸಕ್ಕರೆಯ ಮೇಲೆ ಭಾರಿ ಸುಂಕವು ನೆಲೆಯಾಯಿತು. ಮರುವರ್ಷ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರನ್ನು ಮೀರಿದುವು.

ಹಾಗಾದರೆ ಬಾಗಿಲು ಮುಚ್ಚುವುದೇ ಅಭ್ಯುದಯದ ಮಾರ್ಗವೆ? ಅಲ್ಲ. ಸುಂಕವು ಕಾರ್ಖಾನೆಗೆ ಅವಕಾಶ ಕೊಟ್ಟಿತೇ ಹೊರತು ಕಬ್ಬನ್ನು ಬೆಳೆಯಲಿಲ್ಲ. ಕಬ್ಬನ್ನು ಬೆಳೆದದ್ದು ನೀರು. 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಕಟ್ಟೆಯೂ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಇರ್ವಿನ್ ನಾಲೆಯೂ ಆ ನೀರನ್ನು ಒದಗಿಸಿದುವು. ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಮಂಡ್ಯದ ಗದ್ದೆಗಳಲ್ಲಿ ಬಹುಕಾಲ ಮೆರೆದ ಕೊಯಮತ್ತೂರಿನ ಕೋ. 419 ತಳಿಯು ಆ ಜಾವಾ ಕಬ್ಬಿನ ಸಂತಾನವೇ. ಸಕ್ಕರೆಯನ್ನು ಸುಂಕದ ಕಟ್ಟೆಯಲ್ಲಿ ತಡೆದೆವು, ವಿದ್ಯೆಯನ್ನು ತಡೆಯಲಿಲ್ಲ.

ಈ ರಕ್ಷಣೆಯು ಪುಕ್ಕಟೆಯಾಗಿಯೂ ಬರಲಿಲ್ಲ. ಅಗ್ಗದ ಸಕ್ಕರೆಯನ್ನು ಬಿಟ್ಟುಕೊಟ್ಟವರು ಪಟ್ಟಣದ ಬಡವರೂ ಹೌದು. ಆಮದು ಕುಗ್ಗಿ ಸುಂಕದ ಆದಾಯ ಇಳಿಯಲು, 1934ರಲ್ಲಿ ಸರ್ಕಾರವು ದೇಶದ ಸಕ್ಕರೆಯ ಮೇಲೆಯೇ ತೆರಿಗೆಯನ್ನು ಹಾಕಿತು.

ಆದುದರಿಂದ ವ್ಯಾಪಾರವು ವರವೂ ಅಲ್ಲ, ಶಾಪವೂ ಅಲ್ಲ. ನೀರು, ವಿದ್ಯೆ, ಕಾಲಾವಕಾಶ ಇವುಗಳನ್ನು ಒದಗಿಸಿಕೊಂಡ ನಾಡಿಗೆ ಅದು ಗುರು. ಒದಗಿಸಿಕೊಳ್ಳದ ನಾಡಿಗೆ ಅದು ಸಾಲಗಾರನಂತೆ ಬಾಗಿಲಲ್ಲಿ ಕುಳಿತ ಯಜಮಾನ. ಕೊಳ್ಳುವವರು ತೆತ್ತ ಆ ಹೆಚ್ಚಿನ ಬೆಲೆಯಲ್ಲಿ ಕಬ್ಬು ಕಡಿದವನ ಮನೆಗೆ ಎಷ್ಟು ಸೇರಿತೆಂಬುದೇ ಲೆಕ್ಕದ ಕೊನೆಯ ಸಾಲು.