ಮದ್ರಾಸಿನ ಕ್ರಿಮಿ: ಚೆನ್ನೈ ಪ್ರಯೋಗಾಲಯದಲ್ಲಿ ಕ್ಷಯದ ಗುರುತು

ಕ್ಷಯರೋಗದ ಚರಿತ್ರೆ ಬರೆದವರೆಲ್ಲ 1959ರ ‘ಮದ್ರಾಸ್ ಅಧ್ಯಯನ’ವನ್ನು ಒಂದೇ ಕಾರಣಕ್ಕೆ ನೆನೆಯುತ್ತಾರೆ. ನಗರದ 193 ಬಡ ರೋಗಿಗಳಲ್ಲಿ ಸುಮಾರು ಅರ್ಧ ಮಂದಿಯನ್ನು ಸ್ಯಾನಿಟೋರಿಯಂಗೆ ಸೇರಿಸಿ, ಉಳಿದವರನ್ನು ಅವರ ಇಕ್ಕಟ್ಟಾದ ಮನೆಗಳಲ್ಲೇ ಇರಿಸಿ, ಎರಡೂ ಗುಂಪಿಗೆ ಐಸೋನಿಯಾಜಿಡ್ ಮತ್ತು ಪ್ಯಾಸ್ ಔಷಧಗಳನ್ನು ಒಂದು ವರ್ಷ ಕೊಡಲಾಯಿತು. ವರ್ಷ ತುಂಬುವ ಹೊತ್ತಿಗೆ ಸ್ಯಾನಿಟೋರಿಯಂನಲ್ಲಿ ಶೇ. 92, ಮನೆಗಳಲ್ಲಿ ಶೇ. 86 ರೋಗಿಗಳಲ್ಲಿ ರೋಗ ಅಡಗಿತ್ತು. ರೋಗಿ ಮನೆಯಲ್ಲೇ ಇದ್ದ ಮಾತ್ರಕ್ಕೆ ಜೊತೆಗಿದ್ದವರಿಗೆ ಕಾಯಿಲೆ ಹೆಚ್ಚಾಗಿ ಹರಡಲಿಲ್ಲ ಎಂಬುದೂ ಮುಂದಿನ ವರ್ಷಗಳಲ್ಲಿ ಸಿದ್ಧವಾಯಿತು. ಸ್ಯಾನಿಟೋರಿಯಂ ಯುಗದ ಬುಡ ಅಲುಗಿದ್ದು ಇಲ್ಲಿಂದ.

ಈ ಶೇಕಡಾವಾರು ಲೆಕ್ಕ ಹುಟ್ಟಿದ್ದು ಮಾತ್ರ ರೋಗಿಯ ಹಾಸಿಗೆಯ ಪಕ್ಕದಲ್ಲಲ್ಲ, ಪ್ರಯೋಗಾಲಯದ ಮೇಜಿನ ಮೇಲೆ. ರೋಗ ಅಡಗಿತೋ ಇಲ್ಲವೋ ಎಂಬುದನ್ನು ರೋಗಿಯ ಮೈತೂಕವಾಗಲಿ ಮುಖದ ಕಳೆಯಾಗಲಿ ತೀರ್ಮಾನಿಸಲಿಲ್ಲ. ಮತ್ತೆ ಮತ್ತೆ ತರಿಸಿಕೊಂಡ ಕಫದಲ್ಲಿ ಕ್ರಿಮಿ ಬೆಳೆಯಿತೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ತೀರ್ಮಾನಿಸಿತು. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಸ್ಥಾಪಿಸಿದ ಕ್ಷಯ ಔಷಧ ಚಿಕಿತ್ಸಾ ಕೇಂದ್ರದ ಬೆನ್ನೆಲುಬೇ ಅದರ ಬ್ಯಾಕ್ಟೀರಿಯಾ ವಿಭಾಗ. ವ್ಯಾಲೇಸ್ ಫಾಕ್ಸ್ ಮೊದಲ ವರ್ಷಗಳಲ್ಲಿ ಕೇಂದ್ರವನ್ನು ಮುನ್ನಡೆಸಿದರೆ, ಲಂಡನ್ನಿನಿಂದ ಪ್ರಯೋಗಾಲಯದ ಕೆಲಸಕ್ಕೆ ದಾರಿ ತೋರಿದವರು ಡೆನಿಸ್ ಮಿಚಿಸನ್. ಚೆಟ್‌ಪೇಟೆಯಲ್ಲಿರುವ ಅದೇ ಸಂಸ್ಥೆ ಇಂದು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ.

ಆ ಕಾಲಕ್ಕೆ ಕ್ರಿಮಿಯನ್ನು ಕಾಣಲು ಎರಡು ದಾರಿಗಳಿದ್ದವು. ಒಂದು, ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಜೀಲ್-ನೀಲ್ಸನ್ ವಿಧಾನದಲ್ಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಡ್ಡಿಗಳನ್ನು ಹುಡುಕುವುದು. ಗಂಟೆಯೊಳಗೆ ಉತ್ತರ ಸಿಗುತ್ತದೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಕ್ರಿಮಿಗಳಿದ್ದರಷ್ಟೇ ಕಣ್ಣಿಗೆ ಬೀಳುತ್ತವೆ. ಕಂಡ ಕೆಂಪು ಕಡ್ಡಿ ಕ್ಷಯದ್ದೋ ಅದರ ದಾಯಾದಿ ಮೈಕೋಬ್ಯಾಕ್ಟೀರಿಯಾದ್ದೋ ಎಂದು ಈ ಪರೀಕ್ಷೆ ಹೇಳಲಾರದು. ಇನ್ನೊಂದು, ಕಲ್ಚರ್. ಮೊಟ್ಟೆಯಿಂದ ತಯಾರಿಸಿದ ಲೋವೆನ್‌ಸ್ಟೈನ್-ಜೆನ್ಸನ್ ಮಾಧ್ಯಮದಲ್ಲಿ ಹತ್ತಾರು ಕ್ರಿಮಿಗಳಿದ್ದರೂ ಸಾಕು, ಬೆಳೆದು ತೋರುತ್ತವೆ. ಆದರೆ ಈ ಕ್ರಿಮಿ ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಬೆಳೆದಿಲ್ಲ ಎಂದು ಖಚಿತವಾಗಿ ಹೇಳಲು ಎಂಟು ವಾರ ಕಾಯಬೇಕು. ಬೆಳೆದ ಮೇಲೆ ಔಷಧಕ್ಕೆ ಬಗ್ಗುತ್ತದೆಯೇ ಎಂದು ನೋಡಲು ಇನ್ನಷ್ಟು ವಾರ.

ಮದ್ರಾಸಿನ ಪ್ರಯೋಗಾಲಯ ನಿಜವಾಗಿ ಕಲಿಸಿದ ಪಾಠ ಶುರುವಾದದ್ದು ಬೆಳೆದ ಕ್ರಿಮಿ ಪುಸ್ತಕದಲ್ಲಿದ್ದಂತೆ ನಡೆದುಕೊಳ್ಳದೆ ಹೋದಾಗ. ಕ್ಷಯದ ಕ್ರಿಮಿಯನ್ನು ಗಿನಿಯಿಲಿಗೆ ಚುಚ್ಚಿದರೆ ಅದು ಕಾಯಿಲೆ ಬಿದ್ದು ಸಾಯುತ್ತದೆ ಎಂಬುದು ರಾಬರ್ಟ್ ಕಾಖ್ 1882ರಲ್ಲಿ ಕ್ರಿಮಿಯನ್ನು ತೋರಿಸಿಕೊಟ್ಟ ಕಾಲದಿಂದ ಬಂದ ನಂಬಿಕೆ. ಹಲವು ದೇಶಗಳಲ್ಲಿ ಅದೇ ರೋಗನಿರ್ಣಯದ ಪರೀಕ್ಷೆಯೂ ಆಗಿತ್ತು. 1960ರಲ್ಲಿ ಮಿಚಿಸನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮತ್ತು ಬ್ರಿಟನ್ನಿನ ತಳಿಗಳನ್ನು ಗಿನಿಯಿಲಿಗಳಲ್ಲಿ ಹೋಲಿಸಿ ಪ್ರಕಟಿಸಿದ ಫಲಿತಾಂಶ ಈ ನಂಬಿಕೆಗೆ ಪೆಟ್ಟು ಕೊಟ್ಟಿತು. ಮದ್ರಾಸಿನ ರೋಗಿಗಳಿಂದ ತೆಗೆದ ತಳಿಗಳಲ್ಲಿ ಬಹಳಷ್ಟು ಗಿನಿಯಿಲಿಯನ್ನು ಅಷ್ಟಾಗಿ ಬಾಧಿಸಲಿಲ್ಲ. ಅವು ಐಸೋನಿಯಾಜಿಡ್‌ಗೆ ಬಗ್ಗುವ ತಳಿಗಳೇ. ಔಷಧ ನಿರೋಧಕತೆಯಿಂದ ಹೀಗೆ ದುರ್ಬಲವಾದವು ಎನ್ನುವಂತಿರಲಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ತಾಗಿದರೆ ಅವು ಬೇಗ ಸಾಯುತ್ತಿದ್ದವು. ಹಾಗೆಂದು ಮನುಷ್ಯರನ್ನು ಬಿಟ್ಟಿರಲಿಲ್ಲ: ಪ್ರತಿಯೊಂದು ತಳಿಯೂ ಬಂದದ್ದು ಶ್ವಾಸಕೋಶ ಕೆಟ್ಟು ಚಿಕಿತ್ಸೆಗೆ ಬಂದ ರೋಗಿಯಿಂದಲೇ.

ಇನ್ನೊಂದು ಪರೀಕ್ಷೆಯೂ ಇಲ್ಲಿ ತಡವರಿಸಿತು. ಟಿಸಿಎಚ್ ಎಂಬ ರಾಸಾಯನಿಕ ಬೆರೆಸಿದ ಮಾಧ್ಯಮದಲ್ಲಿ ಮನುಷ್ಯರ ಕ್ಷಯಕ್ರಿಮಿ ಬೆಳೆಯುತ್ತದೆ, ದನದ ಕ್ಷಯಕ್ರಿಮಿ ಬೆಳೆಯುವುದಿಲ್ಲ ಎಂಬುದು ನಿಯಮ. ದಕ್ಷಿಣ ಭಾರತದ ಅನೇಕ ತಳಿಗಳು ಬೆಳೆಯಲಿಲ್ಲ. ಆ ಒಂದೇ ಪರೀಕ್ಷೆಯನ್ನು ನಂಬಿದವರು ಮನುಷ್ಯರ ಕ್ರಿಮಿಗೆ ದನದ ಹೆಸರು ಬರೆದುಬಿಡುವ ಅಪಾಯವಿತ್ತು. ನಯಾಸಿನ್ ಪರೀಕ್ಷೆಯಂಥ ಬೇರೆ ಸಾಕ್ಷಿಗಳನ್ನೂ ಜೊತೆಗಿಟ್ಟು ನೋಡಬೇಕಾಯಿತು. ಪರೀಕ್ಷೆಗಳ ಅಳತೆಗೋಲು ಯುರೋಪಿನ ಕ್ರಿಮಿಗಳ ಮೇಲೆ ತಯಾರಾಗಿತ್ತು. ಅದನ್ನು ತಿದ್ದುವ ಹೊರೆ ಮದ್ರಾಸಿನ ಮೇಲೆ ಬಿತ್ತು. ಈ ಕೇಂದ್ರದ ಚಿಕಿತ್ಸಾ ಪ್ರಯೋಗಗಳಿಗೆ ಸಿಕ್ಕ ಮನ್ನಣೆಯ ಕಾಲುಭಾಗವೂ ಈ ಕೆಲಸಕ್ಕೆ ಸಿಕ್ಕಿಲ್ಲವೆನ್ನುವುದು ಖೇದದ ಸಂಗತಿ.

ಚೆಂಗಲ್ಪಟ್ಟು ಜಿಲ್ಲೆಯ ಬಿಸಿಜಿ ಲಸಿಕೆಯ ಪ್ರಯೋಗ ಇದೇ ಕಥೆಯ ದೊಡ್ಡ ಅಧ್ಯಾಯ. 1968ರಿಂದ 1971ರವರೆಗೆ ತಿರುವಳ್ಳೂರು ಸುತ್ತಿನ ಹಳ್ಳಿ ಮತ್ತು ಪಟ್ಟಣಗಳ ಸುಮಾರು ಮೂರೂವರೆ ಲಕ್ಷ ಜನರನ್ನು ಒಳಗೊಂಡ ಈ ಪ್ರಯೋಗದ ಮೊದಲ ಫಲಿತಾಂಶ 1979ರಲ್ಲಿ ಹೊರಬಂದಾಗ ಜಗತ್ತು ದಿಗ್ಭ್ರಮೆಗೊಂಡಿತು: ವಯಸ್ಕರ ಶ್ವಾಸಕೋಶದ ಕ್ಷಯವನ್ನು ಲಸಿಕೆ ತಡೆದಿರಲಿಲ್ಲ. 1999ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ವರದಿಯೂ ಅದನ್ನೇ ಹೇಳಿತು. ಕಾರಣ ಹುಡುಕಿದವರು ಆ ಮೆತ್ತಗಿನ ತಳಿಯ ಮೇಲೂ ಸಂಶಯಪಟ್ಟರು, ಮಣ್ಣು-ನೀರಿನಲ್ಲಿರುವ ದಾಯಾದಿ ಮೈಕೋಬ್ಯಾಕ್ಟೀರಿಯಾಗಳ ಮೇಲೂ ಸಂಶಯಪಟ್ಟರು. ಚಿಕ್ಕಂದಿನಿಂದ ಅಂಥವು ದೇಹ ಹೊಕ್ಕಿದ್ದರೆ ಲಸಿಕೆಯ ಗುಣ ಮರೆಯಾಗಬಹುದು ಎಂಬುದು ಅವರ ತರ್ಕ.

ತರ್ಕವಷ್ಟೇ ಸಾಲದು, ಕ್ರಿಮಿಗಳನ್ನು ಹಿಡಿದು ತೋರಿಸಬೇಕಿತ್ತು. ಸಿ.ಎನ್. ಪರಮಶಿವನ್ ಮತ್ತು ಸಹೋದ್ಯೋಗಿಗಳು ಪ್ರಯೋಗ ಪ್ರದೇಶದ ಜನರ ಕಫದಲ್ಲಿ ಬೆಳೆದ ಕ್ಷಯೇತರ ಮೈಕೋಬ್ಯಾಕ್ಟೀರಿಯಾಗಳನ್ನು ಜಾತಿವಾರು ಗುರುತಿಸಿ 1985ರಲ್ಲಿ ಪ್ರಕಟಿಸಿದರು. ಮುಂದೆ ಅದೇ ತಂಡ ಅಲ್ಲಿನ ಮಣ್ಣನ್ನೂ ನೀರನ್ನೂ ಪ್ರಯೋಗಾಲಯಕ್ಕೆ ತಂದಿತು. 1994ರ ಪ್ರಬಂಧಗಳು ಅದರ ಫಲ. ಬೆಳವಣಿಗೆಯ ವೇಗ, ಕಾಲೊನಿಯ ಬಣ್ಣ, ಬೆಳಕು ತಾಗಿದಾಗ ಆ ಬಣ್ಣ ಬದಲಾಗುವ ಬಗೆ, 68 ಡಿಗ್ರಿ ಶಾಖದಲ್ಲಿ ಕ್ಯಾಟಲೇಸ್ ಉಳಿಯುತ್ತದೆಯೇ ಎಂಬ ಪರೀಕ್ಷೆ: ಹೀಗೆ ಒಂದೊಂದೇ ಲಕ್ಷಣ ಜೋಡಿಸುತ್ತ ಹೋಗುವ ಕೆಲಸವದು. ಕಫ ಕೊಟ್ಟ ಎಲ್ಲರೂ ಈ ಕ್ರಿಮಿಗಳಿಂದ ರೋಗಿಗಳಾಗಿರಲಿಲ್ಲ. ಕಫದಲ್ಲಿ ಇರುವುದು ಬೇರೆ, ಕಾಯಿಲೆ ತರುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಬಣ್ಣದ ಪಟ್ಟಿಯೊಂದನ್ನೇ ನೋಡಿ ಕ್ಷಯದ ಔಷಧ ಶುರುಮಾಡುವುದು ರೋಗಿಗೆ ಬಗೆಯುವ ಅನ್ಯಾಯ.

ಇಷ್ಟಾದರೂ ದೇಶದ ಕ್ಷಯ ಕಾರ್ಯಕ್ರಮ ದಶಕಗಟ್ಟಲೆ ನಡೆದದ್ದು ಅದೇ ಬಣ್ಣದ ಪಟ್ಟಿಯ ಮೇಲೆ. ಅದಕ್ಕೆ ಬಲವಾದ ಕಾರಣವೂ ಇತ್ತು, ಅದು ಕರ್ನಾಟಕದಿಂದ ಬಂತು. 1959ರಲ್ಲಿ ಆರಂಭವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಯವಿದ್ದ ಹಳ್ಳಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಾಗಿಲು ತಟ್ಟಿದ್ದರು ಎಂದು ಕಂಡುಬಂತು. ದವಾಖಾನೆಗೆ ಹೋದವರು ಕೆಮ್ಮಿನ ಔಷಧ ಹಿಡಿದು ವಾಪಸಾಗಿದ್ದರು. ಅಂಥ ದವಾಖಾನೆಗೆ ಒಂದು ಸೂಕ್ಷ್ಮದರ್ಶಕ ಬಂದರೂ ಜೀವ ಉಳಿಯುತ್ತಿತ್ತು. ತಪ್ಪಿದ್ದು, ಕಲ್ಚರ್ ಮತ್ತು ಔಷಧ ನಿರೋಧಕತೆಯ ಪರೀಕ್ಷೆಗಳನ್ನು ಬಹುಕಾಲ ಕೆಲವೇ ದೊಡ್ಡ ಪ್ರಯೋಗಾಲಯಗಳ ಸೊತ್ತಾಗಿ ಉಳಿಸಿದ್ದರಲ್ಲಿ.

ವಂಶವಾಹಿಯ ಯುಗ ಬಂದಾಗಲೂ ಮದ್ರಾಸಿನ ಕ್ರಿಮಿ ತನ್ನ ಹಟ ಬಿಡಲಿಲ್ಲ. ಯಾರಿಂದ ಯಾರಿಗೆ ಸೋಂಕು ತಗುಲಿತು ಎಂದು ಪತ್ತೆಹಚ್ಚಲು 1990ರ ದಶಕದಲ್ಲಿ ಜಗತ್ತೆಲ್ಲ ಬಳಸಿದ್ದು ಐಎಸ್6110 ಎಂಬ ಡಿಎನ್‌ಎ ತುಣುಕಿನ ಬೆರಳಚ್ಚು. ಯುರೋಪಿನ ತಳಿಗಳಲ್ಲಿ ಈ ತುಣುಕು ಸಾಮಾನ್ಯವಾಗಿ ಹಲವು ಕಡೆ ಇರುತ್ತದೆ. ಮದ್ರಾಸಿನ ಬಹಳಷ್ಟು ತಳಿಗಳಲ್ಲಿ ಒಂದೇ ಒಂದು. ಸಂಬಂಧವೇ ಇಲ್ಲದ ರೋಗಿಗಳ ಕ್ರಿಮಿಗಳೂ ಒಂದೇ ತೆರನಾಗಿ ಕಂಡವು, ಬೇರೆ ವಿಧಾನಗಳ ನೆರವು ಬೇಕಾಯಿತು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಈ ತಳಿಗಳನ್ನು ವಿಜ್ಞಾನಿಗಳು ಇಂದು ಒಂದನೇ ವಂಶಾವಳಿ ಎಂದು ಕರೆಯುತ್ತಾರೆ; ಹಿಂದೂ ಮಹಾಸಾಗರದ ಸುತ್ತಲ ನಾಡುಗಳಲ್ಲಿ ಹರಡಿರುವ ಹಳೆಯ ಕವಲು ಅದು.

ಚೆನ್ನೈನ ಸಂಸ್ಥೆ ಈಗ ರಾಷ್ಟ್ರೀಯ ಉಲ್ಲೇಖ ಪ್ರಯೋಗಾಲಯವೂ ಹೌದು, ವಿಶ್ವ ಆರೋಗ್ಯ ಸಂಸ್ಥೆಯ ಬಹುರಾಷ್ಟ್ರೀಯ ಉಲ್ಲೇಖ ಜಾಲದ ಸದಸ್ಯನೂ ಹೌದು. ಉಳಿದ ಪ್ರಯೋಗಾಲಯಗಳ ಪರೀಕ್ಷೆ ಸರಿಯಿದೆಯೇ ಎಂದು ನೋಡುವುದು ಅದರ ನಿತ್ಯದ ಕೆಲಸ. ಜೀನ್‌ಎಕ್ಸ್‌ಪರ್ಟ್ ಮತ್ತು ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರಗಳು ಕ್ಷಯದ ಕ್ರಿಮಿಯನ್ನೂ ರಿಫಾಂಪಿಸಿನ್ ನಿರೋಧಕತೆಯನ್ನೂ ಗಂಟೆಗಳಲ್ಲಿ ತಿಳಿಸುತ್ತವೆ. ಬಣ್ಣದ ಪಟ್ಟಿಯಲ್ಲಿ ಕೆಂಪು ಕಡ್ಡಿ ಕಂಡು ಯಂತ್ರ ‘ಇಲ್ಲ’ ಎಂದರೆ, ದಾಯಾದಿ ಕ್ರಿಮಿ ಇರಬಹುದೆಂಬ ಸುಳಿವು ಅಲ್ಲೇ ಸಿಗುತ್ತದೆ. ಆಗ ಮತ್ತೆ ಕಲ್ಚರ್‌ಗೇ ಹೋಗಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯ ಹೊಣೆಯನ್ನೂ ಈ ಸಂಸ್ಥೆಯೇ ಹೊತ್ತಿತ್ತು. ಹದಿನೈದು ವರ್ಷ ಮೀರಿದ ಪ್ರತಿ ಲಕ್ಷ ಜನರಲ್ಲಿ 316 ಮಂದಿಗೆ ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯ ಇತ್ತು. ಅವರಲ್ಲಿ ಶೇ. 42.6 ಮಂದಿ ಕೆಮ್ಮು, ಜ್ವರದಂಥ ಲಕ್ಷಣಗಳನ್ನಷ್ಟೇ ಕೇಳಿದ್ದರೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಅವರ ಕಫ ಪರೀಕ್ಷೆಗೆ ಬಂದದ್ದು ಎದೆಯ ಎಕ್ಸ್‌-ರೇ ತೆಗೆದದ್ದರಿಂದ.