ಭಾರತೀಯ ನೌಕಾದಳದ 330ನೆಯ ಹೆಲಿಕಾಪ್ಟರ್ ಸ್ಕ್ವಾಡ್ರನ್: ಉದಯ ಮತ್ತು ಪಾತ್ರ

ಸೈನ್ಯದ ಒಂದು ಘಟಕದ ಚರಿತ್ರೆಯನ್ನು ಬರೆಯುವವರು ಅದು ಸ್ಥಾಪಿತವಾದ ದಿನ, ಅದರ ಆಯುಧಗಳ ಪಟ್ಟಿ, ಅದಕ್ಕೆ ಸಂದ ಪದಕಗಳು, ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಇವೆಲ್ಲವೂ ಅಗತ್ಯವಾದ ವಿವರಗಳೇ. ಆದರೆ ಆಯುಧವೊಂದು ದೇಶದ ಕೈಸೇರುವುದು ಬೇರೆ. ಬೇಕಾದ ಎಡೆಯಲ್ಲಿ, ಬೇಕಾದ ಹೊತ್ತಿಗೆ ಅದು ಒದಗುವುದು ಬೇರೆ. ಈ ಎರಡರ ನಡುವೆ ಎಷ್ಟು ಅಂತರವಿರಬಲ್ಲದು, ಅದನ್ನು ಮುಚ್ಚಲು ಎಷ್ಟು ವರ್ಷಗಳು ಬೇಕಾದವು ಎಂಬುದನ್ನು ಭಾರತೀಯ ನೌಕಾದಳದ 330ನೆಯ ಸ್ಕ್ವಾಡ್ರನ್ನಿನ ನಿದರ್ಶನದಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸೋಣ. ನೌಕಾ ವಿಮಾನಶಾಖೆಯ ಮೊದಲ ನೆಲೆಯಾದ ಐ.ಎನ್.ಎಸ್. ಗರುಡ 1953ರಲ್ಲಿ ಕೊಚ್ಚಿಯಲ್ಲಿ ಆರಂಭವಾಯಿತು. 1961ರಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್ ಸೇವೆಗೆ ಸೇರಿತು. 1969ರಲ್ಲಿ ಆಲುವೆಟ್ ಹೆಲಿಕಾಪ್ಟರುಗಳ ಪ್ರತ್ಯೇಕ ಸ್ಕ್ವಾಡ್ರನ್ ರಚಿತವಾಯಿತು. ಚೇತಕ್ ಎಂಬ ಹೆಸರಿನಿಂದ ನಮಗೆ ಪರಿಚಿತವಾದ ಈ ಯಂತ್ರವನ್ನು ಫ್ರೆಂಚ್ ಪರವಾನಗಿಯ ಮೇಲೆ ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆ 1965ರಿಂದ ಸಿದ್ಧಪಡಿಸುತ್ತಿತ್ತು. ಸಮುದ್ರಕ್ಕೆ ಬಿದ್ದವರನ್ನು ಎತ್ತಿ ತರುವುದಕ್ಕೆ, ಹಡಗಿನಿಂದ ಹಡಗಿಗೆ ಜನರನ್ನು ಸಾಗಿಸುವುದಕ್ಕೆ ಅದು ತಕ್ಕುದಾಗಿತ್ತು. ಆದರೆ ನೀರಿನೊಳಗೆ ಅವಿತ ಶತ್ರುವನ್ನು ತಾನೇ ಹುಡುಕುವ ಸಾಧನವನ್ನು ಹೊರುವಷ್ಟು ಶಕ್ತಿ ಆ ಚಿಕ್ಕ ಯಂತ್ರಕ್ಕಿರಲಿಲ್ಲ.

ಅಂತಹ ಸಾಧನದ ಅಗತ್ಯವಾದರೂ ಏನಿತ್ತು? ಪಾಕಿಸ್ತಾನವು ಫ್ರಾನ್ಸಿನಿಂದ ಡಾಫ್ನೆ ವರ್ಗದ ಮೂರು ಜಲಾಂತರ್ಗಾಮಿಗಳನ್ನು ಪಡೆದಿತ್ತು. ನೀರಿನಡಿ ಕಣ್ಣಿಗೆ ಕೆಲಸವಿಲ್ಲ. ಶಬ್ದವನ್ನು ಕಳುಹಿಸಿ ಅದರ ಪ್ರತಿಧ್ವನಿಯನ್ನು ಆಲಿಸುವ ಸೋನಾರ್ ಯಂತ್ರವೇ ಆಧಾರ. ಅರಬ್ಬೀ ಸಮುದ್ರದಂತಹ ಉಷ್ಣವಲಯದ ಕಡಲುಗಳಲ್ಲಿ ಮೇಲಿನ ನೀರು ಬಿಸಿಲಿಗೆ ಕಾದಿದ್ದು, ಕೆಳಗಿನ ನೀರು ತಣ್ಣಗಿರುತ್ತದೆ. ಇವೆರಡರ ಎಲ್ಲೆಯಲ್ಲಿ ಶಬ್ದದ ಅಲೆಗಳು ಬಾಗುತ್ತವೆ. ಆ ಎಲ್ಲೆಯ ಕೆಳಗೆ ಅಡಗಿದ ಜಲಾಂತರ್ಗಾಮಿಯು ಹಡಗಿನ ತಳದಲ್ಲಿರುವ ಸೋನಾರಿಗೆ ಎಷ್ಟೋ ವೇಳೆ ಸಿಕ್ಕುವುದೇ ಇಲ್ಲ. ಇದರ ಜತೆಗೆ ಇನ್ನೊಂದು ಇಕ್ಕಟ್ಟೂ ಉಂಟು. ಹಡಗು ವೇಗವಾಗಿ ಸಾಗಿದರೆ ಅದರ ಸದ್ದೇ ಅದಕ್ಕೆ ಅಡ್ಡಿಯಾಗುತ್ತದೆ. ನಿಧಾನವಾಗಿ ಸಾಗಿದರೆ ಶತ್ರುವಿಗೆ ಸುಲಭವಾದ ಗುರಿಯಾಗುತ್ತದೆ. ಹೆಲಿಕಾಪ್ಟರಾದರೋ ನೀರಿನ ಮೇಲೆ ನಿಂತಲ್ಲೇ ನಿಂತು, ತಂತಿಯ ತುದಿಯ ಸೋನಾರನ್ನು ಕಾದ ಪದರದ ಕೆಳಕ್ಕೆ ಇಳಿಸಿ ಆಲಿಸಬಲ್ಲದು; ಬಳಿಕ ಅದನ್ನು ಮೇಲಕ್ಕೆಳೆದುಕೊಂಡು ಬೇರೊಂದೆಡೆಗೆ ಹಾರಬಲ್ಲದು. ಅದಕ್ಕೆ ಜಲಾಂತರ್ಗಾಮಿಯ ಟಾರ್ಪೆಡೊ ಭಯವಿಲ್ಲ.

ಈ ಕಾರ್ಯಕ್ಕಾಗಿ ಬ್ರಿಟನ್ನಿನ ವೆಸ್ಟ್‌ಲ್ಯಾಂಡ್ ಕಂಪನಿಯ ಸೀ ಕಿಂಗ್ ಹೆಲಿಕಾಪ್ಟರನ್ನು ಆರಿಸಲಾಯಿತು. ಅಮೆರಿಕದ ಸಿಕೋರ್ಸ್ಕಿ ಕಂಪನಿಯ ವಿನ್ಯಾಸವನ್ನು ಆಧರಿಸಿದ ಈ ಯಂತ್ರಕ್ಕೆ ಎರಡು ಎಂಜಿನ್ನುಗಳಿದ್ದುವು. ಇಳಿಬಿಡುವ ಸೋನಾರನ್ನೂ ಗುರಿಯನ್ನರಸಿ ಹೋಗುವ ಟಾರ್ಪೆಡೊಗಳನ್ನೂ ಒಂದೇ ಯಂತ್ರ ಹೊರುತ್ತಿತ್ತು. 1971ರ ಏಪ್ರಿಲ್ 17ರಂದು ಕೊಚ್ಚಿಯ ಗರುಡ ನೆಲೆಯಲ್ಲಿ 330ನೆಯ ಸ್ಕ್ವಾಡ್ರನ್ ವಿಧ್ಯುಕ್ತವಾಗಿ ಸ್ಥಾಪಿತವಾಯಿತು. ತಿಮಿಂಗಿಲವನ್ನು ಇರಿಯುವ ಈಟಿಯಾದ 'ಹಾರ್ಪೂನ್' ಎಂಬುದು ಅದರ ಅಡ್ಡಹೆಸರಾಯಿತು. ಮೊದಲ ಕಂತಿನಲ್ಲಿ ಅದಕ್ಕೆ ದೊರೆತುದು ಆರು ಸೀ ಕಿಂಗ್‌ಗಳು.

ಎಂಟು ತಿಂಗಳೊಳಗೆ ಯುದ್ಧ ಬಂದಿತು. ಸೀ ಕಿಂಗ್‌ಗಳು ಪಶ್ಚಿಮ ಕರಾವಳಿಯ ನೆಲದ ಮೇಲಿನ ನೆಲೆಯಿಂದ ಕಾರ್ಯ ನಡೆಸಿದುವು. ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯು ಸೌರಾಷ್ಟ್ರದ ಕಡಲಿನಲ್ಲಿದೆಯೆಂಬ ಸುಳಿವು ಸಿಕ್ಕಿದಾಗ ಅದನ್ನು ಬೇಟೆಯಾಡಲು ಖುಕ್ರಿ ಮತ್ತು ಕೃಪಾಣ್ ಎಂಬ ಫ್ರಿಗೇಟ್ ನೌಕೆಗಳು ತೆರಳಿದುವು. ಇವು 1950ರ ದಶಕದ ಚಿಕ್ಕ ನೌಕೆಗಳು. ಹೆಲಿಕಾಪ್ಟರ್ ಇಳಿಯುವ ಅಟ್ಟ ಇವಕ್ಕಿರಲಿಲ್ಲ. ಡಿಸೆಂಬರ್ 9ರ ರಾತ್ರಿ ದೀವ್ ಬಳಿಯ ಕಡಲಿನಲ್ಲಿ ಹಂಗೋರ್ ಬಿಟ್ಟ ಟಾರ್ಪೆಡೊ ತಗುಲಿ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ನೌಕೆಯನ್ನು ತೊರೆಯದೆ ಅದರೊಡನೆಯೇ ಜಲಸಮಾಧಿಯಾದರು. ಮುಂದಿನ ದಿನಗಳ ಶೋಧದಲ್ಲಿ ಸೀ ಕಿಂಗ್‌ಗಳೂ ಪಾಲ್ಗೊಂಡುವು. ಆದರೆ ಹಂಗೋರ್ ತಪ್ಪಿಸಿಕೊಂಡು ಕರಾಚಿಯನ್ನು ಸೇರಿತು.

ಸೀ ಕಿಂಗ್ ಜತೆಗಿದ್ದಿದ್ದರೆ ಖುಕ್ರಿ ಉಳಿಯುತ್ತಿತ್ತೆಂದು ನಾವು ಸಾಧಿಸಹೊರಟಿಲ್ಲ. ನಡೆಯದಿದ್ದುದನ್ನು ನಡೆದಂತೆ ವಾದಿಸುವುದು ಚರಿತ್ರಕಾರನ ಕೆಲಸವಲ್ಲ. ನಮಗೆ ನಿಶ್ಚಿತವಾಗಿ ಕಾಣುವುದು ಇಷ್ಟು: ಜಲಾಂತರ್ಗಾಮಿಯನ್ನು ಹುಡುಕಲೆಂದೇ ತರಿಸಿದ ಯಂತ್ರ ದೇಶದಲ್ಲಿತ್ತು, ಜಲಾಂತರ್ಗಾಮಿಯನ್ನು ಹುಡುಕಲು ಹೋದ ಹಡಗಿನ ಮೇಲೆ ಅದಕ್ಕೆ ಎಡೆಯಿರಲಿಲ್ಲ. ದಡದಿಂದ ಹಾರಿಬರುವ ಹೆಲಿಕಾಪ್ಟರು ಇಂಧನ ತೀರುತ್ತಲೇ ಹಿಂದಿರುಗಬೇಕು. ಹಗಲಿರುಳೂ ಹಡಗಿನ ಬಳಿಯಲ್ಲಿರಬೇಕಾದರೆ ಅದು ಹಡಗಿನಲ್ಲಿಯೇ ವಾಸಿಸಬೇಕು.

ಮುಂದಿನ ಹನ್ನೆರಡು ವರ್ಷಗಳ ಹಡಗು ನಿರ್ಮಾಣವನ್ನು ಈ ದೃಷ್ಟಿಯಿಂದ ನೋಡಿದರೆ ಸ್ಕ್ವಾಡ್ರನ್ನಿನ ಚರಿತ್ರೆ ವಿಶದವಾಗುತ್ತದೆ. 1972ರಲ್ಲಿ ಮುಂಬಯಿಯ ಮಝಗಾಂವ್ ಹಡಗುಕಟ್ಟೆಯಿಂದ ಹೊರಬಂದ ನೀಲಗಿರಿ ಫ್ರಿಗೇಟಿನ ಮೇಲೆ ಒಂದು ಚೇತಕ್‌ಗೆ ಮಾತ್ರ ಸ್ಥಳವಿತ್ತು. ಅಲ್ಲಿ ಹುಡುಕುವುದು ಹಡಗಿನ ಸೋನಾರ್. ಟಾರ್ಪೆಡೊವನ್ನು ಒಯ್ದು ಹಾಕುವುದಷ್ಟೇ ಹೆಲಿಕಾಪ್ಟರಿನ ಕೆಲಸ. ಹಡಗಿಗೆ ಕೇಳಿಸದುದು ಚೇತಕ್‌ಗೂ ಸಿಕ್ಕುತ್ತಿರಲಿಲ್ಲ. ಅದೇ ವರ್ಗದ ಕೊನೆಯ ಎರಡು ನೌಕೆಗಳಾದ ತಾರಾಗಿರಿ (1980) ಮತ್ತು ವಿಂಧ್ಯಗಿರಿಗಳ (1981) ವಿನ್ಯಾಸವನ್ನು ಬದಲಿಸಿ, ಸೀ ಕಿಂಗ್ ಇಳಿಯುವಂತೆ ಅಟ್ಟವನ್ನು ಹಿಗ್ಗಿಸಲಾಯಿತು. ಓಲಾಡುವ ಚಿಕ್ಕ ಹಡಗಿನ ಮೇಲೆ ಭಾರವಾದ ಯಂತ್ರವನ್ನು ಇಳಿಸುವುದು ಸುಲಭವಲ್ಲ. ಅದನ್ನು ಹಗ್ಗದಿಂದ ಸೆಳೆದು ಅಟ್ಟಕ್ಕೆ ಬಿಗಿಯುವ ಉಪಾಯವನ್ನು ಕೆನಡಾದ ನೌಕಾದಳ ಮೊದಲೇ ಬಳಕೆಗೆ ತಂದಿತ್ತು. ಇಂತಹ ಅಟ್ಟಗಳಿಗೆ ಹೊಂದುವ 42ಎ ಮಾದರಿಯ ಮೂರು ಸೀ ಕಿಂಗ್‌ಗಳನ್ನು ನಮ್ಮ ನೌಕಾದಳವೂ ತರಿಸಿಕೊಂಡಿತು. 1983ರ ಡಿಸೆಂಬರಿನಲ್ಲಿ ಸೇವೆಗೆ ಸೇರಿದ ಗೋದಾವರಿ ಎರಡು ಸೀ ಕಿಂಗ್‌ಗಳನ್ನು ಹೊರುವಂತೆ ಮೊದಲಿನಿಂದಲೇ ಯೋಜಿತವಾಗಿತ್ತು. ಇಲ್ಲಿ ಹೆಲಿಕಾಪ್ಟರಿನ ಅಗತ್ಯವೇ ಹಡಗಿನ ಆಕಾರವನ್ನು ನಿರ್ಧರಿಸಿತೆನ್ನಬಹುದು.

ಅಟ್ಟ ದೊರೆತ ಮೇಲೆ ಪಾತ್ರವೂ ಹಿಗ್ಗಿತು. 1988ರಿಂದ ಬಂದ 42ಬಿ ಮಾದರಿಯು ಸೀ ಈಗಲ್ ಕ್ಷಿಪಣಿಯನ್ನು ಹೊರುತ್ತಿದ್ದುದರಿಂದ, ನೀರಿನಡಿಯ ಶತ್ರುವನ್ನು ಹುಡುಕುತ್ತಿದ್ದ ಹೆಲಿಕಾಪ್ಟರು ದೂರದ ಹಡಗನ್ನೂ ಹೊಡೆಯಲು ಶಕ್ತವಾಯಿತು. ಜೀವರಕ್ಷಣೆಯ ಕಾರ್ಯ ಹಿಂದಿನಿಂದಲೂ ಇದ್ದೇ ಇತ್ತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಂಬಯಿಯ ಆಚೆ ಪಿ-305 ಎಂಬ ದೋಣಿ ಮುಳುಗಿದಾಗ ನೌಕಾದಳದ ಹಡಗುಗಳೊಡನೆ ಹೆಲಿಕಾಪ್ಟರುಗಳೂ ಶೋಧಕ್ಕಿಳಿದುದು ನಮ್ಮ ನೆನಪಿನಲ್ಲಿದೆ.

ಈ ಕಥೆಗೆ ಇನ್ನೊಂದು ಮುಖವೂ ಇದೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆಯಾದೊಡನೆ ಅಮೆರಿಕವು ನಿರ್ಬಂಧಗಳನ್ನು ಹೇರಿತು. ಯಂತ್ರ ಬ್ರಿಟನ್ನಿನದಾದರೂ ಅದರ ಮೂಲ ವಿನ್ಯಾಸ ಅಮೆರಿಕದ್ದು. ಬಿಡಿಭಾಗಗಳ ಪೂರೈಕೆ ನಿಂತು ಹಲವು ಸೀ ಕಿಂಗ್‌ಗಳು ಹಾರಲಾರದೆ ನಿಂತುವು. 1971ರಲ್ಲಿ ಯಂತ್ರವಿದ್ದು ಅಟ್ಟವಿರಲಿಲ್ಲ. 1998ರಲ್ಲಿ ಅಟ್ಟವಿದ್ದು ಯಂತ್ರ ಏಳದಾಯಿತು. ಎರಡು ಸಂದರ್ಭಗಳಲ್ಲಿಯೂ ಕೊರತೆಯಿದ್ದುದು ವೈಮಾನಿಕರ ಧೈರ್ಯದಲ್ಲಾಗಲಿ ಕೌಶಲದಲ್ಲಾಗಲಿ ಅಲ್ಲ. ಅವರ ಬೆನ್ನ ಹಿಂದಿರಬೇಕಾದ ವ್ಯವಸ್ಥೆಯಲ್ಲಿ.

2024ರ ಮಾರ್ಚ್ 6ರಂದು ಅದೇ ಕೊಚ್ಚಿಯ ಗರುಡ ನೆಲೆಯಲ್ಲಿ ಅಮೆರಿಕದ ಎಂ.ಎಚ್. 60 ಆರ್ ಹೆಲಿಕಾಪ್ಟರುಗಳ 334ನೆಯ ಸ್ಕ್ವಾಡ್ರನ್ ಸ್ಥಾಪಿತವಾಯಿತು. ಸೀ ಕಿಂಗ್ ಐವತ್ತು ವರ್ಷಗಳಿಗೂ ಮೀರಿ ಹೊತ್ತ ಹೊಣೆಯನ್ನು ಮುಂದುವರಿಸುವುದು ಅದರ ಕರ್ತವ್ಯ. ಅದರ ಚರಿತ್ರೆಯನ್ನು ಮುಂದೆ ಬರೆಯುವವರು ಸ್ಥಾಪನೆಯ ದಿನಾಂಕದ ಜತೆಗೆ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಅದು ಯಾವ ಹಡಗುಗಳ ಮೇಲೆ ವಾಸಿಸಿತು, ಅದರ ಬಿಡಿಭಾಗ ಯಾರ ಕೈಯಲ್ಲಿತ್ತು, ಕರೆ ಬಂದ ರಾತ್ರಿ ಅದು ಎಷ್ಟು ದೂರದಲ್ಲಿತ್ತು. ದೀವ್ ನಗರದ ಕಡಲತೀರದಲ್ಲಿ ಖುಕ್ರಿಯ ಸ್ಮಾರಕವಿದೆ. ಅಲ್ಲಿ ನೆನೆಯಲಾಗುವ 194 ಮಂದಿಯ ಸಾವು ಈ ಪ್ರಶ್ನೆಗಳನ್ನು ನಮ್ಮ ಮುಂದಿಟ್ಟಿದೆ.